ಮೂರನೇದು ಬಿಟ್ಟಿದೀವಿ

ನಮ್ಮ ಕೆರೆಯ ನೀರಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಒಂದು ದಡದಲ್ಲಿ ಕರೆಂಟ್ ಪ್ಲಾಂಟಿನವರು ಅದನ್ನು ಪಂಪ್ ಹಾಕಿ ಒಳಕ್ಕೆ ಎಳೆದುಕೊಳ್ಳುತ್ತಾರೆ, ಕಾದ ಯಂತ್ರಗಳ ಮೈ ತಣಿಸಲು ಕೊಳವೆ ಕೊಳವೆ ಸುತ್ತಿಸುತ್ತಾರೆ, ಆಮೇಲೆ ಇನ್ನೊಂದು ದಡದಲ್ಲಿ ಬೆಚ್ಚಗೆ ಮಾಡಿ ವಾಪಸ್ ಕೊಡುತ್ತಾರೆ. ಬೆಚ್ಚಗೆ ಬರುವ ಕಡೆಗೆ ಜನ ಬಿಸಿಬಾಯಿ ಅನ್ನುತ್ತಾರೆ, ಎಳೆದುಕೊಳ್ಳುವ ಕಡೆಗೆ ತಣ್ಣಬಾಯಿ. ಬಿಸಿಬಾಯಿಯಲ್ಲಿ ಬೆಳಗಾದರೆ ಸಂತೆ. ಮಂಡಿನೋವಿನವರು, ಗಾಳ ಹಾಕುವವರು, ರಬ್ಬರ್ ಟ್ಯೂಬಿನಲ್ಲಿ ತೇಲುವ ಮಕ್ಕಳು, ಮಕ್ಕಳಿಗಿಂತ ಹೆಚ್ಚು ಕೂಗಾಡುವ ಅವರ ಅಪ್ಪಂದಿರು. ಕರೆಂಟ್ ಬಿಲ್ ಕಟ್ಟುವುದಕ್ಕೆ ಬಿಸಿನೀರಿನ ಸ್ನಾನ ಇನಾಮು ಎಂದು ಅವರಲ್ಲೊಬ್ಬ ದಿನಾ ಹೇಳುತ್ತಾನೆ, ದಿನಾ ತಾನೇ ನಗುತ್ತಾನೆ.

ಬಿಸಿಬಾಯಿಯ ದೋಣಿಕಟ್ಟೆ ನನ್ನದು. ಎಂದರೆ ನನ್ನ ಸ್ವಂತದ್ದಲ್ಲ, ನೋಡಿಕೊಳ್ಳುವವಳು ನಾನು. ಪೆಡಲ್ ದೋಣಿಗಳು, ಹುಟ್ಟು ಹಾಕುವ ದೋಣಿಗಳು, ಒಂದು ಮೋಟಾರ್ ದೋಣಿ, ಈಜುವವರ ಮೇಲೆ ಒಂದು ಕಣ್ಣು. ಕೊರಳಲ್ಲಿ ಸೀಟಿ, ಬಾಯಲ್ಲಿ ಬೈಗುಳ, ಎರಡೂ ಸದಾ ಸಿದ್ಧ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಹೇಳುತ್ತಿರುತ್ತಾಳೆ. ನೀರಿನ ಹತ್ತಿರ ಕೆಲಸ ಮಾಡುವವಳಿಗೆ ಕೋಪ ಬೇರೆಲ್ಲಾದರೂ ಇದ್ದರೆ ಹೆಣ ಎಣಿಸಬೇಕಾಗುತ್ತದೆ ಎಂದು ನಾನು ತಿರುಗಿ ಹೇಳುತ್ತಿರುತ್ತೇನೆ.

ಇನ್ನು ಭಾವನ ವಿಷಯ. ಅಕ್ಕನ ಗಂಡ ತಣ್ಣಬಾಯಿಯ ಪಂಪ್‌ಹೌಸಿನಲ್ಲಿ ಆಪರೇಟರು. ಪ್ಲಾಂಟಿನಲ್ಲಿ ಅವರಿಗೆ ಇಟ್ಟ ಹೆಸರು ‘ಪರ್ಮಿಶನ್’. ಮೇಲಿನವರನ್ನು ಕೇಳದೆ ಅವರು ಕಿಟಕಿ ತೆರೆಯುವವರಲ್ಲ. ಮನೆಯಲ್ಲೂ ಅಷ್ಟೆ. ಇನ್ನೊಂದು ಲೋಟ ಕಾಫಿ ಬೇಕಾದರೆ ಅಕ್ಕನನ್ನು, ‘ಕುಡಿಯಬಹುದಾ?’ ಎಂದು ಕೇಳುತ್ತಾರೆ. ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವರ ಜೊತೆ ಬಾಳುವುದೂ ಒಂದು ತಲೆನೋವು ಎಂಬುದು ನನಗೆ ಅವರನ್ನು ನೋಡಿಯೇ ಗೊತ್ತಾದದ್ದು.

ಪಂಪ್‌ಹೌಸಿನ ಗೋಡೆಗೆ ನೀರಿನ ಕಡೆ ಮೂರು ಬಾಯಿಗಳಿವೆ, ಒಂದೊಂದು ಪಂಪಿಗೆ ಒಂದೊಂದು. ಕಸ, ಕಳೆ, ಮೀನು ಒಳಗೆ ಹೋಗದಿರಲಿ ಎಂದು ಬಾಯಿಗಳಿಗೆ ಅಡ್ಡಲಾಗಿ ಕಬ್ಬಿಣದ ಸರಳುಗಳು. ಎರಡು ಬಾಯಿಗಳು ಅಕ್ಕಪಕ್ಕ, ಆಚೆ ಮೂಲೆಯಲ್ಲಿ. ಮೂರನೆಯದು ಈಚೆಗೆ, ನಮ್ಮ ಕಡೆಗೆ, ನಡುವೆ ಉದ್ದನೆಯ ಗೋಡೆ. ಮೂರನೇ ಪಂಪ್ ಓಡದಿದ್ದಾಗ ಅದರ ಮುಂದಿನ ನೀರು ಬಟ್ಟಲಲ್ಲಿ ಇಟ್ಟ ಹಾಗೆ ನಿಂತಿರುತ್ತದೆ. ಆಗ ನುರಿತ ಈಜುಗಾರರು ಆ ಬಾಯಿಗೆ ಸ್ವಲ್ಪ ಈಚೆ ತೇಲುವ ಹಳದಿ ಡ್ರಮ್ಮುಗಳ ಸಾಲಿನವರೆಗೆ ಹೋಗಬಹುದು, ಕಟ್ಟೆಯ ಮೇಲೆ ನಾನು ಹಸಿರು ಬಾವುಟ ಏರಿಸುತ್ತೇನೆ. ಪಂಪ್ ಓಡುವಾಗ ಕೆಂಪು ಬಾವುಟ, ಕೆರೆಯ ನಡುವಿನ ಕೆಂಪು ಡ್ರಮ್ಮುಗಳನ್ನು ಯಾರೂ ದಾಟುವಂತಿಲ್ಲ. ದಾಟಿದವರನ್ನು ಸರಳಿನ ತನಕ ಕರೆದೊಯ್ಯುವ ಕೆಲಸ ನೀರೇ ಮಾಡುತ್ತದೆ. ಸರಳಿಗೆ ಒತ್ತಿ ಹಿಡಿದರೆ ಎಂಥ ಪೈಲ್ವಾನನೂ ಬಿಡಿಸಿಕೊಳ್ಳಲಾರ. ಒಮ್ಮೆ ಒಂದು ಎಮ್ಮೆ ಸಿಕ್ಕಿಹಾಕಿಕೊಂಡಿತ್ತು. ಅದನ್ನು ತೆಗೆದದ್ದು ಪಂಪ್ ನಿಲ್ಲಿಸಿದ ಮೇಲೆಯೇ, ಅಷ್ಟರಲ್ಲಿ ಅದು ಎಮ್ಮೆಯಾಗಿ ಉಳಿದಿರಲಿಲ್ಲ.

ದಿನಾ ಬೆಳಿಗ್ಗೆ ಯಾವ ಪಂಪ್ ಓಡುತ್ತಿದೆ ಎಂದು ಭಾವ ನನಗೆ ಫೋನ್ ಮಾಡಿ ಹೇಳುತ್ತಾರೆ, ನಾನು ಅಡ್ಡಪ್ರಶ್ನೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ, ಬಾವುಟ ಏರುತ್ತದೆ. ಅವತ್ತು ಹಾಗಾಗಲಿಲ್ಲ, ಯಾಕೆಂದರೆ ಹಿಂದಿನ ಸಂಜೆ ನಮ್ಮಿಬ್ಬರಿಗೂ ಊಟದ ಮುಂದೆ ಜಗಳವಾಗಿತ್ತು.

ಜಗಳ ಅಕ್ಕನ ಈಜಿನದು. ಮಂಡಿ ಸವೆದಿದೆ, ಬಿಸಿನೀರಿನಲ್ಲಿ ಕಾಲಾಡಿಸಿ ಎಂದು ಡಾಕ್ಟರು ಹೇಳಿದ ಮೇಲೆ ಅಕ್ಕ ಬಿಸಿಬಾಯಿಗೆ ಬರತೊಡಗಿದ್ದಳು. ಐವತ್ತರ ಹೆಂಗಸು, ನೀರೆಂದರೆ ಬಕೆಟ್ಟಿನಲ್ಲಿ ಮಾತ್ರ ಕಂಡವಳು. ಮೊದಲು ಕಂಬ ಹಿಡಿದುಕೊಂಡು ನಿಂತಳು. ಆಮೇಲೆ ನನ್ನ ಕೈ ಹಿಡಿದಳು. ಆಮೇಲೆ ನನ್ನ ಕೈ ಕೊಡವಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಕೆಂಪು ಡ್ರಮ್ಮಿನವರೆಗೆ ಹೋಗಿ ಬರುತ್ತಿದ್ದಳು, ಚಳಿಗಾಲದಲ್ಲಿ ಎರಡು ಸಲ ಹಳದಿಯನ್ನೂ ಮುಟ್ಟಿ ಬಂದಳು. ನೆಲದ ಮೇಲೆ ಮೆಟ್ಟಿಲಿಗೊಂದು ನರಳುವವಳು ನೀರಿನಲ್ಲಿ ಹುಡುಗಿಯಾಗಿಬಿಡುತ್ತಿದ್ದಳು. ಅವಳನ್ನು ಹಾಗೆ ನೋಡಿದಾಗ ನನಗೆ ಆಗುತ್ತಿದ್ದ ಸಂತೋಷವನ್ನು ಅವಳ ಮುಂದೆ ಒಮ್ಮೆಯೂ ತೋರಿಸಿಲ್ಲ, ತೋರಿಸಿದರೆ ತಲೆ ಮೇಲೆ ಕೂರುತ್ತಾಳೆ. ಇದೆಲ್ಲ ಭಾವನಿಗೆ ಗೊತ್ತಿರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಕಾಲಾಡಿಸಿ ಬರುತ್ತಾಳೆ ಎಂದುಕೊಂಡಿದ್ದರು. ಅಷ್ಟಕ್ಕೇ ಅವರಿಗೆ ಜೀವ ಹಾರುತ್ತಿತ್ತು.

ಅವರ ಭಯ ಸುಳ್ಳಲ್ಲ. ಅಕ್ಕನಿಗೆ ಏನಾದರೂ ಆಯಿತೆಂದರೆ ಆ ಮನುಷ್ಯನ ತಲೆ ನಿಲ್ಲುವುದಿಲ್ಲ. ಒಮ್ಮೆ ಅಕ್ಕ ಅಡುಗೆಮನೆಯಲ್ಲಿ ಬಿಸಿ ಎಣ್ಣೆ ಚೆಲ್ಲಿಕೊಂಡಾಗ, ಒಲೆ ಉರಿಯುತ್ತಿದೆ, ನೆಲದ ಮೇಲಿನ ಎಣ್ಣೆಗೆ ಬೆಂಕಿ ತಾಕುವುದರಲ್ಲಿದೆ, ಪಕ್ಕದಲ್ಲೇ ನಿಂತವರು ಕೈ ಚಾಚಿದರೆ ಗ್ಯಾಸ್ ಆರಿಸಬಹುದಿತ್ತು. ಆರಿಸಲಿಲ್ಲ. ಅಕ್ಕನನ್ನು ತಬ್ಬಿಕೊಂಡು ಅದೇ ಎಣ್ಣೆಯ ಮೇಲೆ ನಿಂತರು. ಆರಿಸಿದವಳು ನಾನು. ಪ್ರೀತಿ ಇರಲಿ, ಆದರೆ ಅದಕ್ಕೆ ಸ್ವಲ್ಪ ಬುದ್ಧಿಯೂ ಇರಲಿ ಎಂದು ಅವತ್ತು ಬೈದಿದ್ದೆ.

ಆ ಸಂಜೆ ಊಟಕ್ಕೆ ಕೂತಾಗ ಅವರು, ಮೂರನೇ ಪಂಪಿನ ಬೇರಿಂಗ್ ನರಳುತ್ತಿದೆ, ರಿಪೇರಿಯವರು ಬರುವವರಿದ್ದಾರೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹಾಗೇ ಮಾತು ಹೊರಳಿ, ಇವಳು ನೀರಿಗಿಳಿಯುವುದು ಸಾಕು, ಮಂಡಿಗೆ ಮನೆಯಲ್ಲೇ ಶಾಖ ಕೊಡೋಣ ಎಂದರು. ನನಗೆ ರೇಗಿತು. ಅವಳನ್ನು ಸಾಕು ಮಾಡಿಸಲು ನಿಮಗೆ ಯಾರು ಪರ್ಮಿಶನ್ ಕೊಟ್ಟರು ಎಂದು ಕೇಳಿಬಿಟ್ಟೆ. ಆ ಹೆಸರನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಅವರು ತಟ್ಟೆ ಬಿಟ್ಟು ಎದ್ದು ಕೈ ತೊಳೆದರು. ಅಕ್ಕ ನನ್ನನ್ನು ಕಣ್ಣಲ್ಲೇ ಸುಟ್ಟಳು.

ಹಾಗಾಗಿ ಬೆಳಿಗ್ಗೆ ಅವರು ನನಗೆ ಫೋನ್ ಮಾಡಲಿಲ್ಲ, ಟಿಕೆಟ್ ಕೊಡುವ ಕಿಟಕಿಗೆ ಮಾಡಿದರು. ಅಲ್ಲಿ ಕೂರುವ ಟಿಕೆಟ್ ಮಾಮ ಹೇಳಿದ್ದನ್ನು ಒಂದಕ್ಷರ ಆಚೀಚೆ ಮಾಡದೆ ಗಿಣಿಯ ಹಾಗೆ ಒಪ್ಪಿಸುವ ಮನುಷ್ಯ. ನಾನು ದೋಣಿಗಳ ನೀರು ತೋಡುತ್ತಿದ್ದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ:

“ನಿಮ್ಮ ಭಾವ ಫೋನ್ ಮಾಡಿದ್ರು. ಮೂರನೇದು ಬಿಟ್ಟಿದೀವಿ ಅಂತ ಹೇಳೋಕೆ ಹೇಳಿದ್ರು.”

ಬೇರಿಂಗ್ ನರಳುತ್ತಿದೆ ಎಂದು ರಾತ್ರಿಯೇ ಕೇಳಿದ್ದೆನಲ್ಲ. ಮೂರನೆಯದನ್ನು ಬಿಟ್ಟಿದ್ದಾರೆ, ಎರಡೇ ಓಡುತ್ತಿವೆ. ಸರಿ ಎಂದು ಹಸಿರು ಬಾವುಟ ಏರಿಸಿದೆ. ಇನ್ನೊಂದು ಮಾತು ಕೇಳಬೇಕು ಎಂದು ನನಗೆ ಅನ್ನಿಸಲಿಲ್ಲ. ಅನ್ನಿಸಿದ್ದರೂ ಕೇಳುತ್ತಿರಲಿಲ್ಲವೇನೋ, ಮುನಿಸಿಕೊಂಡವರು ಅವರು, ಮಾತಾಡಿಸುವುದಿದ್ದರೆ ಅವರೇ ಮಾತಾಡಿಸಲಿ ಎಂಬ ಬಿಗುಮಾನ ನನಗೂ ಇತ್ತು.

ಅಕ್ಕ ಬಂದಳು. ಬಾವುಟ ನೋಡಿ ಮುಖ ಅರಳಿಸಿದಳು. ಕಿತ್ತಳೆ ಬಣ್ಣದ ರಬ್ಬರ್ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಇವತ್ತು ಹಳದಿಯವರೆಗೆ ಹೋಗಿ ಡ್ರಮ್ ಹಿಡಿದು ಸ್ವಲ್ಪ ಹೊತ್ತು ಕೂತು ಬರುತ್ತೇನೆ, ಅಲ್ಲಿಂದ ಇವರ ಪಂಪ್‌ಹೌಸ್ ಚೆನ್ನಾಗಿ ಕಾಣುತ್ತದೆ ಎಂದಳು. ಇಷ್ಟು ವರ್ಷ ಊಟದ ಡಬ್ಬಿ ಕಟ್ಟಿಕೊಟ್ಟಿದ್ದೇನೆ, ಡಬ್ಬಿ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ಬೇಡವೇ ಎಂದು ನಕ್ಕಳು. ನಾನು ನಗಲಿಲ್ಲ, ರಾತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಹೋಗಿ ಬಾ ಎಂದೆ ಅಷ್ಟೆ.

ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಬೇಸಿಗೆ ಇನ್ನೂ ಸರಿಯಾಗಿ ಕಾಲಿಟ್ಟಿರದಿದ್ದರೂ ಸೆಕೆ ತಾಳುವಂತಿರಲಿಲ್ಲ. ಊರಿನ ಮನೆಮನೆಯಲ್ಲೂ ಫ್ಯಾನು, ಏಸಿ ತಿರುಗುತ್ತಿರಬೇಕು, ಕರೆಂಟಿನವರಿಗೆ ಇವತ್ತು ಕೈತುಂಬ ಕೆಲಸ ಎಂದುಕೊಂಡೆ. ಅಷ್ಟು ಯೋಚಿಸಿದವಳಿಗೆ ಮುಂದಿನದು ಹೊಳೆಯಲಿಲ್ಲ. ಒಂದು ಪೆಡಲ್ ದೋಣಿಯಲ್ಲಿ ಗಂಡ ಹೆಂಡತಿ ಸ್ಟೇರಿಂಗಿಗೆ ಜಗಳಾಡುತ್ತ ಗಾಳ ಹಾಕುವವರ ದಾರಕ್ಕೆ ಸಿಕ್ಕಿಕೊಂಡಿದ್ದರು, ಅವರಿಗೆ ಸೀಟಿ ಊದಿ, ಬೈದು, ದಾರ ಬಿಡಿಸಿ ಕಳಿಸಿದೆ.

ತಿರುಗಿ ನೋಡಿದಾಗ ಅಕ್ಕನ ಟೋಪಿ ಕೆಂಪು ಡ್ರಮ್ಮುಗಳನ್ನು ದಾಟಿತ್ತು. ಚೆನ್ನಾಗಿಯೇ ಹೋಗುತ್ತಿದ್ದಳು. ಸ್ವಲ್ಪ ಹೆಚ್ಚೇ ಚೆನ್ನಾಗಿ ಹೋಗುತ್ತಿದ್ದಳು. ಅಕ್ಕನ ಈಜು ನನಗೆ ಗೊತ್ತು, ನಾಲ್ಕು ಬೀಸು, ಒಂದು ದಮ್ಮು, ಮತ್ತೆ ನಾಲ್ಕು ಬೀಸು. ಅವಳು ದಮ್ಮು ತೆಗೆದುಕೊಳ್ಳುತ್ತಿದ್ದಾಗಲೂ ಟೋಪಿ ಮುಂದಕ್ಕೆ ಸಾಗುತ್ತಿತ್ತು.

ಹಳದಿ ಡ್ರಮ್ಮುಗಳ ಕಡೆ ನೋಡಿದೆ. ಮೂರನೆಯದು ಓಡದ ದಿನ ಆ ಡ್ರಮ್ಮುಗಳು ಹಗ್ಗ ಸಡಿಲಾಗಿ ಎತ್ತಲೋ ಮುಖ ಮಾಡಿಕೊಂಡು ತೂಕಡಿಸುತ್ತವೆ. ಅವತ್ತು ಹಗ್ಗ ಬಿಲ್ಲಿನ ಹಾಗೆ ಬಾಗಿ ಬಿಗಿದಿತ್ತು. ಅಷ್ಟೂ ಡ್ರಮ್ಮುಗಳು ಒಂದೇ ಕಡೆ, ಮೂರನೇ ಬಾಯಿಯ ಕಡೆ ತಿರುಗಿ, ಅರ್ಧ ಮುಳುಗಿ ನಡುಗುತ್ತಿದ್ದವು.

ಆಗ ಆ ಮಾತು ಇನ್ನೊಂದು ಮಗ್ಗುಲಿಗೆ ಹೊರಳಿತು. ಸಿಗರೇಟು ಬಿಟ್ಟರು ಎಂದರೆ ಇನ್ನು ಸೇದುವುದಿಲ್ಲ ಎಂದು. ಆದರೆ ಬಸ್ಸು ಬಿಟ್ಟರು ಎಂದರೆ ಓಡಿಸಿದರು ಎಂದು. ನಲ್ಲಿಯಲ್ಲಿ ನೀರು ಬಿಟ್ಟರು ಎಂದರೆ ಹರಿಸಿದರು ಎಂದು. ಪಂಪ್‌ಹೌಸಿನವರಿಗೆ ಪಂಪೆಂದರೆ ಬಸ್ಸಿನ ಹಾಗೆ. ರಾತ್ರೋರಾತ್ರಿ ಬೇರಿಂಗ್ ಸರಿಮಾಡಿಸಿ, ಸೆಕೆಗೆ ಕರೆಂಟ್ ಸಾಲದೆಂದು ಮೂರನೆಯದನ್ನು ಓಡಿಸಿದ್ದರು. ಭಾವ ಸರಿಯಾಗಿಯೇ ಹೇಳಿದ್ದರು. ಟಿಕೆಟ್ ಮಾಮ ಸರಿಯಾಗಿಯೇ ಒಪ್ಪಿಸಿದ್ದ. ನಾನು ಆ ಮಾತಿನ ತಪ್ಪು ತುದಿ ಹಿಡಿದುಕೊಂಡು ಅಕ್ಕನನ್ನು ಸರಳಿನ ಬಾಯಿಗೆ ಕಳಿಸಿದ್ದೆ.

ಸೀಟಿ ಊದಿದೆ. ಕೆನ್ನೆ ಹರಿಯುವ ಹಾಗೆ ಊದಿದೆ. ಬಿಸಿಬಾಯಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ರಬ್ಬರ್ ಟೋಪಿಯೊಳಗೆ ಕಿವಿ ಮುಚ್ಚಿಕೊಂಡಿದ್ದವಳು ಮಾತ್ರ ನೋಡಲಿಲ್ಲ. ಟಿಕೆಟ್ ಮಾಮನಿಗೆ ಬಾವುಟ ಇಳಿಸು, ಎಲ್ಲರನ್ನೂ ಮೇಲೆ ಹತ್ತಿಸು ಎಂದು ಕೂಗಿ ಮೋಟಾರ್ ದೋಣಿಗೆ ಹಾರಿದೆ. ಮೋಟಾರು ಮೊದಲ ಎಳೆತಕ್ಕೆ ಕೆಮ್ಮಿತು, ಎರಡನೆಯದಕ್ಕೆ ಹತ್ತಿಕೊಂಡಿತು. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಮೊಬೈಲು. ಪಂಪ್‌ಹೌಸಿನ ನಂಬರಿಗೆ ರಿಂಗ್ ಆಗುತ್ತಲೇ ಇತ್ತು. ಅಲ್ಲಿನ ಸದ್ದಿನಲ್ಲಿ ಫೋನ್ ಕೇಳುವುದೇ ಕಷ್ಟ, ಮೇಜಿನ ಮುಂದೆ ಕೂತಿದ್ದರೆ ಮಾತ್ರ ಕೇಳುತ್ತದೆ.

ಅಷ್ಟರಲ್ಲಿ ಅಕ್ಕನಿಗೂ ಗೊತ್ತಾಗಿತ್ತು. ಹಳದಿ ಡ್ರಮ್ಮಿಗೆ ಕೈ ಚಾಚಿದ್ದು ಕಂಡಿತು, ಡ್ರಮ್ಮು ಅವಳ ಕೈಯಡಿ ಮಗುಚಿಕೊಂಡಿತು, ಅವಳು ಹಗ್ಗದಡಿಯಲ್ಲಿ ನುಸುಳಿ ಆಚೆಗೆ ಹೋಗಿಬಿಟ್ಟಳು. ತಿರುಗಿ ಈಜಲು ನೋಡಿದಳು. ಮುಖ ನನ್ನ ಕಡೆಗಿತ್ತು, ಕೈಗಳು ನನ್ನ ಕಡೆಗೇ ಬೀಸುತ್ತಿದ್ದವು, ಅವಳು ಮಾತ್ರ ಹಿಂದೆ ಹಿಂದೆ ಹೋಗುತ್ತಿದ್ದಳು. ಅವಳ ಬಾಯಿ ತೆರೆದು ಮುಚ್ಚುತ್ತಿತ್ತು. ನನ್ನನ್ನೇ ಕರೆಯುತ್ತಿದ್ದಳೋ ಏನೋ, ಮೋಟಾರಿನ ಸದ್ದಿನಲ್ಲಿ ಕೇಳಲಿಲ್ಲ. ಹಾಗೆ ಹಿಂದಕ್ಕೆ ಹೋಗಿ ಬೆನ್ನು ಸರಳಿಗೆ ಬಡಿಯಿತು.

ನಾನು ಹಳದಿ ಸಾಲಿನ ಹತ್ತಿರ ಬಂದಿದ್ದೆ. ಇನ್ನು ಸ್ವಲ್ಪವೇ ದೂರ. ಹಾಗೇ ನುಗ್ಗಬೇಕು ಎಂದು ಮೈಯೆಲ್ಲ ಹೇಳಿತು, ತಲೆ ಬೇಡ ಎಂದಿತು. ನೀರು ಈಗಾಗಲೇ ದೋಣಿಯ ಮೂತಿ ಹಿಡಿದು ಎಳೆಯುತ್ತಿತ್ತು. ಹಗ್ಗ ದಾಟಿದರೆ ಈ ಕಬ್ಬಿಣದ ದೋಣಿ ನೇರವಾಗಿ ಹೋಗಿ ಸರಳಿಗೆ ಅಪ್ಪಳಿಸುತ್ತದೆ, ನಡುವೆ ಅಕ್ಕ. ಮೋಟಾರನ್ನು ಹಿಂದಕ್ಕೆ ಹಾಕಿದೆ. ಅದು ಕಿರುಚುತ್ತ ಇದ್ದಲ್ಲೇ ನಿಂತಿತು. ನನ್ನ ಅಕ್ಕ ಎದುರಿಗೆ ಸಾಯುತ್ತಿದ್ದಾಳೆ, ನಾನು ದೋಣಿಯನ್ನು ಹಿಂದಕ್ಕೆ ಓಡಿಸುತ್ತಿದ್ದೇನೆ. ಅಂಥ ಹೊತ್ತು ಯಾವ ಹಗೆಗೂ ಬೇಡ.

ಅವಳು ಎರಡೂ ಕೈ ಹಿಂದಕ್ಕೆ ಹಾಕಿ ಸರಳು ಹಿಡಿದುಕೊಂಡಿದ್ದಳು. ಕತ್ತು ಮಾತ್ರ ನೀರಿನ ಮೇಲಿತ್ತು. ಕಾಲು ಎರಡು ಸರಳುಗಳ ಸಂದಿಗೆ ಹೋಗಿದ್ದಿರಬೇಕು, ಆಗಾಗ ಯಾರೋ ಕೆಳಗಿಂದ ಜಗ್ಗಿದ ಹಾಗೆ ಗದ್ದದವರೆಗೆ ಮುಳುಗಿ ಏಳುತ್ತಿದ್ದಳು.

ಫೋನ್ ಎತ್ತಿದರು.

ಭಾವನ ದನಿ. ಪಂಪುಗಳ ಗುಡುಗಿನ ನಡುವೆ ‘ಹಲೋ, ಯಾರು’ ಎಂದರು.

“ಭಾವ, ಮೂರನೇ ಬಾಯಿಗೆ ಒಬ್ಬರು ಸಿಕ್ಕಿಹಾಕ್ಕೊಂಡಿದ್ದಾರೆ. ಪಂಪ್ ನಿಲ್ಲಿಸಿ. ಈಗಲೇ.”

ಆಮೇಲೆ ಅವರು ಕೇಳಿದರು:

“ಯಾರು?”

ಅಕ್ಕ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಸಾಕು, ಈ ಮನುಷ್ಯ ಯಾರ ಪರ್ಮಿಶನ್ನೂ ಕೇಳುವುದಿಲ್ಲ ಎಂದು ಒಂದು ಮನಸ್ಸು ಹೇಳಿತು. ಹೇಳದಿದ್ದರೆ ಕಂಟ್ರೋಲ್ ರೂಮಿಗೆ ಫೋನ್ ಮಾಡುತ್ತಾರೆ, ಅಲ್ಲಿನ ಇಂಜಿನಿಯರು ಅವರ ಮೇಲಿನವರನ್ನು ಕೇಳುತ್ತಾರೆ, ಈ ಸೆಕೆಯಲ್ಲಿ ಮೂರನೆಯದು ದಿಢೀರನೆ ನಿಂತರೆ ಕರೆಂಟ್ ತಯಾರಿಸುವ ಇಡೀ ಯೂನಿಟ್ ನಿಂತು ಬೀಳುತ್ತದೆ, ಅರ್ಧ ಊರಿನ ಕರೆಂಟ್ ಹೋಗುತ್ತದೆ, ಅದಕ್ಕೆ ಹೂಂ ಅನ್ನಲು ಯಾರಿಗೆ ಧೈರ್ಯ. ಅವರು ಕೇಳಿ ಮುಗಿಸುವ ಹೊತ್ತಿಗೆ ಅಕ್ಕ ಇರುವುದಿಲ್ಲ.

ಆದರೆ ಆ ಅಡುಗೆಮನೆ ಕಣ್ಣ ಮುಂದೆ ಬಂತು. ಒಲೆ ಉರಿಯುತ್ತಿದೆ, ಪಕ್ಕದಲ್ಲೇ ಗ್ಯಾಸಿನ ಗುಂಡಿ ಇದೆ, ಇವರು ತಬ್ಬಿಕೊಂಡು ನಿಂತಿದ್ದಾರೆ. ಪಂಪ್‌ಹೌಸಿನ ಒಳಗೆ ಪಂಪ್ ನಿಲ್ಲಿಸುವ ಕೆಂಪು ಗುಂಡಿ ಇರುವುದು ಕೋಣೆಯ ಆ ತುದಿಯಲ್ಲಿ, ಮುಚ್ಚಳದ ಕೆಳಗೆ. ಕೆರೆಯ ಕಡೆಗಿನ ಬಾಗಿಲು ಇರುವುದು ಈ ತುದಿಯಲ್ಲಿ. ಅಕ್ಕ ಎಂದರೆ ಬಾಗಿಲಿಗೆ ಓಡುತ್ತಾರೆ. ಬಾಗಿಲಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ನೀರಿಗೆ. ಕಲ್ಲಿನ ಹಾಗೆ ಮುಳುಗುವ ಮನುಷ್ಯ. ಪಂಪ್ ಓಡುತ್ತಲೇ ಇರುತ್ತದೆ, ಸರಳಿಗೆ ಒಬ್ಬರ ಬದಲು ಇಬ್ಬರು.

ಮೊಬೈಲನ್ನು ಬಾಯಿಗೆ ಒತ್ತಿಕೊಂಡೆ.

“ಯಾರೋ ಒಬ್ಬರು ಭಾವ. ನಂಗೆ ಗೊತ್ತಿಲ್ಲ. ಟಿಕೆಟ್ ತಗೊಂಡು ಇಳಿದೋರು. ಗುಂಡಿ ಒತ್ತಿ.”

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು. ಎಲ್ಲಿಗೆ ಹೋದರು? ಇನ್ನೊಂದು ಫೋನಿಗೆ, ಕಂಟ್ರೋಲ್ ರೂಮಿನ ಫೋನಿಗೆ ಹೋದರು ಎಂದೇ ನನಗನ್ನಿಸಿತು. ಅವರ ಜಾಯಮಾನವೇ ಅದು. ನನ್ನ ಎದುರಿಗೆ ಅಕ್ಕನ ಒಂದು ಕೈ ಸರಳಿನಿಂದ ಜಾರಿತು. ಮೂಗಿನವರೆಗೆ ಮುಳುಗಿದಳು. ಕಿತ್ತಳೆ ಟೋಪಿ, ಹಣೆ, ಎರಡು ಕಣ್ಣು. ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ನಾನು ತಪ್ಪು ಮಾಡಿದೆ, ಹೇಳಬೇಕಿತ್ತು ಎಂದು ಮೊಬೈಲಿಗೆ ಬಾಯಿಟ್ಟು ಅಕ್ಕ ಭಾವ, ಅಕ್ಕ ಎಂದು ಕಿರುಚಿದೆ. ಮೇಜಿನ ಮೇಲಿದ್ದ ರಿಸೀವರಿಗೆ ಕಿರುಚಿದೆ. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಅಕ್ಕನ ಕಣ್ಣು ಮುಳುಗಿತು. ಟೋಪಿ ಉಳಿಯಿತು. ಇನ್ನು ನುಗ್ಗುವುದೇ ಸರಿ, ಆದದ್ದಾಗಲಿ ಎಂದು ಮೋಟಾರಿನ ಹಿಡಿಗೆ ಕೈ ಹಾಕಿದೆ.

ಆಗ ಪಂಪಿನ ದನಿ ಇಳಿಯಿತು.

ಮೊದಲು ನಂಬಿಕೆ ಬರಲಿಲ್ಲ. ಮೂರು ಗಂಟಲಿನ ಗುಡುಗಿನಲ್ಲಿ ಒಂದು ಗಂಟಲು ಕೆಳಗೆ ಕೆಳಗೆ ಹೋಗಿ, ಗೊರಗುಟ್ಟಿ ನಿಂತಿತು. ಬಿಗಿದಿದ್ದ ಹಗ್ಗ ಸಡಿಲಾಯಿತು, ಡ್ರಮ್ಮುಗಳು ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ಕಲಸಿಹೋದವು. ಸರಳಿನ ಒಳಗಿನ ನೀರು ಒಮ್ಮೆ ಹೊರಗೆ ತುಳುಕಿತು. ಆ ತುಳುಕಿಗೆ ಅಕ್ಕ ಸರಳಿನಿಂದ ಕಳಚಿಕೊಂಡು ಮೇಲೆ ಬಂದಳು. ಬಾಯಿ ತೆರೆದು ಉಸಿರೆಳೆದ ಸದ್ದು ನನಗೆ ಇಲ್ಲಿಗೆ ಕೇಳಿಸಿತು. ಕೆಟ್ಟ ಸದ್ದು, ಬಟ್ಟೆ ಹರಿದ ಹಾಗೆ. ಅಷ್ಟು ಚಂದದ ಸದ್ದನ್ನು ನಾನು ಕೇಳಿಲ್ಲ.

ಪ್ಲಾಂಟಿನ ಕಡೆ ಸೈರನ್ ಕೂಗತೊಡಗಿತು. ಯೂನಿಟ್ ಬಿದ್ದಿತ್ತು.

ನಾನು ದೋಣಿ ತಿರುಗಿಸಿ ಹತ್ತಿರ ತರುವಷ್ಟರಲ್ಲಿ ಪಂಪ್‌ಹೌಸಿನ ಕಬ್ಬಿಣದ ಬಾಗಿಲು ದಡಾರನೆ ತೆರೆಯಿತು. ಭಾವ ಮೆಟ್ಟಿಲಿಳಿದು ಸರಳಿನ ಮೇಲಿನ ಕಟ್ಟೆಗೆ ಓಡಿ ಬಂದರು. ಕೈಯಲ್ಲಿ ಕಳೆ ಎಳೆಯುವ ಉದ್ದ ಕೊಕ್ಕೆಕೋಲು. ಕಟ್ಟೆಯ ಮೇಲೆ ಬೋರಲು ಮಲಗಿ ಕೋಲನ್ನು ಕೆಳಗೆ ಚಾಚಿದರು. ಅಕ್ಕನ ತಲೆ ಮುಂದಕ್ಕೆ ಬಾಗಿತ್ತು, ಮೇಲಿನಿಂದ ಅವರಿಗೆ ಕಾಣುತ್ತಿದ್ದುದು ಬರಿಯ ರಬ್ಬರ್ ಟೋಪಿ. ಟೋಪಿ ಹಾಕಿದ ಅಕ್ಕನನ್ನು ಅವರು ಎಂದೂ ನೋಡಿರಲಿಲ್ಲ.

“ಹಿಡ್ಕೊಳ್ಳಿ. ಹೆದರಬೇಡಿ ಅಮ್ಮ, ಪಂಪ್ ನಿಂತಿದೆ. ಕೋಲು ಹಿಡ್ಕೊಳ್ಳಿ.”

ತಾಳ್ಮೆಯ ದನಿ. ಬೀದಿಯಲ್ಲಿ ವಿಳಾಸ ಕೇಳಿದವರಿಗೆ ದಾರಿ ತೋರಿಸುವಂಥ ಮರ್ಯಾದೆಯ ದನಿ. ಅಕ್ಕ ಕೋಲು ಹಿಡಿದು ಮುಖ ಎತ್ತಿದಳು. ಭಾವನ ಬಾಯಿ ಇನ್ನೊಮ್ಮೆ ‘ಹಿಡ್ಕೊಳ್ಳಿ’ ಎನ್ನಲು ತೆರೆದಿತ್ತು. ಅದು ಅರ್ಧಕ್ಕೆ ನಿಂತಿತು.

“ಹಿಡ್ಕೊಳೇ,” ಎಂದರು. “ಬಿಡಬೇಡ ಕಣೇ, ಹಿಡ್ಕೋ.”

ಅವರ ಕೈಯ ಕೋಲು ಅಲ್ಲಾಡತೊಡಗಿತು. ಎಷ್ಟು ಅಲ್ಲಾಡಿತೆಂದರೆ ಅದರಿಂದ ಇನ್ನು ಉಪಯೋಗವಿಲ್ಲ ಎಂದು ಗೊತ್ತಾಗಿ ನಾನೇ ದೋಣಿಯಿಂದ ಬಾಗಿ ಅಕ್ಕನ ಕಂಕುಳಿಗೆ ಕೈ ಹಾಕಿದೆ. ಎಳೆದು ಒಳಗೆ ಹಾಕಿಕೊಂಡೆ. ಕಾಲಿನ ಚರ್ಮ ಮಂಡಿಯಿಂದ ಕೆಳಗೆ ಕಿತ್ತುಹೋಗಿತ್ತು, ಬೆನ್ನ ಮೇಲೆ ಸರಳಿನ ಬಾಸುಂಡೆಗಳು ಗೆರೆ ಎಳೆದ ಹಾಗೆ ಎದ್ದಿದ್ದವು. ನೀರು ಕಕ್ಕಿದಳು, ಕೆಮ್ಮಿದಳು, ಬೈದಳು. ಬೈದಾಗ ನನಗೆ ಅಳು ಬಂತು.

ಮೆಟ್ಟಿಲು ಹತ್ತಿಸಿ ಪಂಪ್‌ಹೌಸಿನ ಕಟ್ಟೆಯ ಮೇಲೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದೆವು. ಒಳಗೆ ಕಂಟ್ರೋಲ್ ರೂಮಿನ ಫೋನ್ ಹೊಡೆದುಕೊಳ್ಳುತ್ತಿತ್ತು. ಭಾವ ಎದ್ದು ಹೋದರು. ತೆರೆದ ಬಾಗಿಲಿನಿಂದ ಅವರ ಮಾತಷ್ಟೇ ಕೇಳುತ್ತಿತ್ತು. ನಾನೇ ನಿಲ್ಲಿಸಿದ್ದು ಎಂದರು. ಇಲ್ಲ, ಯಾರನ್ನೂ ಕೇಳಲಿಲ್ಲ ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಆ ಕಡೆಯವರು ಏನು ಹೇಳುತ್ತಿದ್ದರೋ, ಒಳ್ಳೆಯ ಮಾತಂತೂ ಇದ್ದಿರಲಾರದು. ಕೊನೆಗೆ ವಿಚಾರಣೆಗೆ ಬರುತ್ತೇನೆ ಸಾರ್ ಎಂದು ಫೋನಿಟ್ಟು, ವಾಪಸ್ ಬಂದು ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾನು ಆ ಮಾತಿನ ಗೊಂದಲವನ್ನು ಹೇಳಿದೆ, ಬಿಟ್ಟಿದೀವಿ ಎಂದದ್ದನ್ನು ನಾನು ಹೇಗೆ ತಿಳಿದುಕೊಂಡೆ ಎಂದು. ಅವರು ತಲೆಯಾಡಿಸಿದರು. ನಿನಗೇ ಫೋನ್ ಮಾಡಿದ್ದರೆ ನೀನು ಕೇಳಿಯೇ ಕೇಳುತ್ತಿದ್ದೆ ಎಂದರು. ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ.

ಅಕ್ಕನ ಉಸಿರು ಒಂದು ಹದಕ್ಕೆ ಬಂದಿತ್ತು. ಟೋಪಿ ಕಿತ್ತು ಪಕ್ಕಕ್ಕಿಟ್ಟಳು. ಭಾವನ ಮುಖ ನೋಡಿದಳು. ತನಗಾಗಿ ಅರ್ಧ ಊರಿನ ಕರೆಂಟನ್ನೇ ತೆಗೆದ ಗಂಡನನ್ನು ನೋಡುವ ಹೆಂಡತಿಗೆ ಎಷ್ಟು ಹೆಮ್ಮೆ ಇರಬಹುದೋ ಅಷ್ಟೂ ಆ ನೋಟದಲ್ಲಿತ್ತು.

“ರೀ, ನಾನು ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಸುಮ್ಮನೆ ಏನಾದರೂ ಹೇಳಿ ಎಂದು ನಾನು ಕಣ್ಸನ್ನೆ ಮಾಡಿದೆ. ನಿನ್ನ ಟೋಪಿ ಕಂಡೆ ಅನ್ನಿ, ಮನಸ್ಸಿಗೆ ಹೊಳೆಯಿತು ಅನ್ನಿ, ಯಾವುದಾದರೂ ಒಂದು. ಅವರು ನನ್ನನ್ನು ನೋಡಲೇ ಇಲ್ಲ.

“ಗೊತ್ತಿರಲಿಲ್ಲ,” ಎಂದರು.

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮುಖದ ಮೇಲಿನ ಬೆಳಕು ಹಾಗೇ ಇಳಿಯಿತು. ಹೋಗೀ ಹೋಗೀ ಇಂಥವರನ್ನು ಕಟ್ಟಿಕೊಂಡೆನಲ್ಲ, ಸಾವಿನ ಬಾಯಿಂದ ಬಂದವಳಿಗೆ ಒಂದು ಸುಳ್ಳು ಹೇಳಲೂ ಬರುವುದಿಲ್ಲವಲ್ಲ ಎಂದು ಗೊಣಗಿದಳು. ಕಣ್ಣಲ್ಲಿ ನೀರಿತ್ತು, ಕೆರೆಯದೋ ಅವಳದೋ. ನನ್ನ ಕಡೆ ತಿರುಗಿ, ಫೋನ್ ಮಾಡಿದವಳು ನೀನಲ್ಲವೇ, ನಾನು ಎಂದು ಯಾಕೆ ಹೇಳಲಿಲ್ಲ ಎಂದಳು.

ಉತ್ತರ ಕೊಟ್ಟವರು ಭಾವ. ನೆಲ ನೋಡುತ್ತ, ತಮ್ಮ ಎರಡು ಕೈಗಳನ್ನು ಒಂದರಲ್ಲೊಂದು ಹಿಡಿದುಕೊಂಡು ಹೇಳಿದರು.

“ನೀನು ಅಂತ ಗೊತ್ತಾಗಿದ್ರೆ ಇಲ್ಲಿಗೇ ಓಡಿ ಬರ್ತಿದ್ದೆ. ಗುಂಡಿ ನೆನಪೇ ಆಗ್ತಿರಲಿಲ್ಲ ನಂಗೆ.”

ಸೈರನ್ ನಿಂತಿತ್ತು. ಕೆಳಗೆ ಸರಳಿನ ಮುಂದೆ ನೀರು ಅಲುಗದೆ ನಿಂತಿತ್ತು, ಅಕ್ಕ ಅದನ್ನೇ ನೋಡಿದಳು. ಆಮೇಲೆ ಅವರ ಕೈಗಳನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಇನ್ನೊಂದ್ಸಲ ಹೀಗಾದ್ರೂ ನಾನು ಅಂತ ಹೇಳಬೇಡ,” ಎಂದಳು ನನಗೆ.